ಕಿತ್ತಳೆ ಬಣ್ಣದ ಕೋಲು

ವೀಲರ್ಸ್ ಫೋರ್ಡ್, ಒಹಾಯೊ
ಶನಿವಾರ, ಸೆಪ್ಟೆಂಬರ್ ೧೯

ಪ್ರೀತಿಯ ತಾತಾ,

ನಿಮ್ಮ ಎದೆ ಹೇಗಿದೆ? ಅರಿಜೋನಾದ ಒಣಗಾಳಿಗೆ ಕೆಮ್ಮು ಇಳಿದಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಅವರು ಮಾಡುವ ಖಾರದ ಅಡುಗೆಯನ್ನು ತಿಂದಂತೆ ನಟಿಸಿ ಮೇಜಿನ ಕೆಳಗೆ ನಾಯಿಗೆ ಹಾಕುತ್ತೀರಂತೆ, ನಾಯಿಗೆ ಹೊಟ್ಟೆ ಕೆಟ್ಟ ಮೇಲೆ ಗುಟ್ಟು ಬಯಲಾಯಿತಂತೆ. ಹಾಗೆ ಮಾಡಬೇಡಿ ತಾತಾ, ನಾಯಿಗೂ ವಯಸ್ಸಾಗಿದೆ. ನಾನು ಚೆನ್ನಾಗಿದ್ದೇನೆ. ಮೊಟ್ಟೆ ಜೋಡಿಸುವ ಕೆಲಸಕ್ಕೆ ಈಗಲೂ ಪಕ್ಕದ ಮನೆಯವರ ಗಾಡಿಯಲ್ಲೇ ಹೋಗಿ ಬರುತ್ತೇನೆ. ಕ್ಲಿಂಗರ್ ಮನೆಯಲ್ಲಿ ಹುಟ್ಟಿ ಗೇರ್ ಹಾಕಲು ಬಾರದವಳು ನಾನೊಬ್ಬಳೇ ಎಂದು ಅಪ್ಪ ಈಗಲೂ ಎಲ್ಲರೆದುರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುತ್ತಿದ್ದರು ಎನ್ನಬೇಕು. ಒಂದು ವಾರದಿಂದ ಅವರು ಏನನ್ನೂ ಆಡುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ, ನನಗೂ ಫೋನ್ ಹಿಡಿದರೆ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜಾತ್ರೆ ಮೈದಾನದಲ್ಲಿ ಹಳೆಯ ಕಾರುಗಳನ್ನು ಗುದ್ದಾಡಿಸುವ ಡರ್ಬಿಯಲ್ಲಿ ಮಾರ್ವಿನ್ ಚಿಕ್ಕಪ್ಪನಿಗೆ ಪೆಟ್ಟಾಯಿತು ಎಂದಷ್ಟೇ ಅಪ್ಪ ನಿಮಗೆ ಹೇಳಿದ್ದು. ಪೆಟ್ಟು ಎಂದರೆ ಎಡಗಾಲು ಮಂಡಿಯಿಂದ ಕೆಳಗೆ ನುಚ್ಚುನೂರಾಗಿದೆ ತಾತಾ. ಡಾಕ್ಟರು ಎರಡು ಸಲ ಕೊಯ್ದು ಉಕ್ಕಿನ ಸರಳು ಕೂರಿಸಿದ್ದಾರೆ. ಕಾಲು ಉಳಿಯುತ್ತದೆಯೇ, ಕತ್ತರಿಸಬೇಕೇ ಎಂದು ಇನ್ನೂ ಹೇಳಿಲ್ಲ. ಗುದ್ದಿದವರು ಅಪ್ಪ. ಇದನ್ನು ಹೇಗೆ ಬರೆಯುವುದೆಂದು ಮೂರು ಹಾಳೆ ಹರಿದು ಹಾಕಿದೆ. ಹೇಗೆ ಬರೆದರೂ ಅದು ಅಷ್ಟೇ.

ಶುರುವಾದದ್ದು ಈ ಚುನಾವಣೆಯಿಂದ. ಜುಲೈನ ಒಂದು ಭಾನುವಾರ ಚರ್ಚು ಮುಗಿಸಿ ಎಲ್ಲರೂ ನಮ್ಮಲ್ಲೇ ಊಟಕ್ಕೆ ಕೂತಿದ್ದೆವು. ಆಲೂಗಡ್ಡೆ ಮುದ್ದೆಯ ಮೇಲೆ ಕೋಳಿ ನೂಡಲ್ಸ್ ಹಾಕಿ, ನೀವು ಮೆಚ್ಚುವ ಹಾಗೇ ಮಾಡಿದ್ದೆ. ಅಪ್ಪ ಈ ಸಲ ಯಾವ ಪಕ್ಷಕ್ಕೂ ಸೇರದ ಗಾರ್ವಿಗೆ ಓಟು ಎಂದರು. ಆದಾಯ ತೆರಿಗೆಯನ್ನೇ ಬೇರುಸಮೇತ ಕೀಳುತ್ತೇನೆ ಎನ್ನುವವನು ಅವನೊಬ್ಬನೇ ಅಂತೆ. ಚಿಕ್ಕಪ್ಪ ಫೋರ್ಕನ್ನು ಕೆಳಗಿಟ್ಟು, "ಅಣ್ಣಾ, ಅವನು ಗೆಲ್ಲೋ ಕುದುರೆ ಅಲ್ಲ. ನಮ್ಮ ಪಕ್ಷದ ವಿಟ್‌ಕಾಂಬ್ ಪೂರ್ತಿ ತೆಗೀದೇ ಇದ್ರೂ ಕಾಲು ಭಾಗ ಇಳಿಸ್ತೀನಿ ಅಂತಾನೆ. ನೀವೆಲ್ಲ ಗಾರ್ವಿ ಗಾರ್ವಿ ಅಂತ ಓಟು ಒಡೆದ್ರೆ ಆ ಕಡೆಯೋನು ಸಲೀಸಾಗಿ ಒಳಗೆ ಬರ್ತಾನೆ, ಬಂದು ಏರಿಸ್ತಾನೆ" ಎಂದರು. ಅಪ್ಪ, "ಕಾಲು ಭಾಗ! ಕಳ್ಳ ನಾಲ್ಕು ಹಸು ಹೊಡ್ಕೊಂಡು ಹೋಗೋ ಕಡೆ ಮೂರು ಹೊಡ್ಕೊಂಡು ಹೋದ್ರೆ ಟೋಪಿ ತೆಗೆದು ನಮಸ್ಕಾರ ಮಾಡ್ತೀಯೇನೋ?" ಎಂದರು. "ಒಂದು ಉಳಿದ್ರೆ ಹಾಲಾದ್ರೂ ಕರೀಬಹುದಲ್ಲ ಅಣ್ಣಾ" ಎಂದರು ಚಿಕ್ಕಪ್ಪ. ನೋರೀನ್ ಚಿಕ್ಕಮ್ಮ ನಕ್ಕರು, ನಾನೂ ನಕ್ಕೆ. ಅಪ್ಪ ನಗಲಿಲ್ಲ. ಅವರು ಹೊಳೆ ಬದಿಯ ಹೊಲದ ಮಾತು ತೆಗೆದರು.

ಆ ಹೊಲದ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಮುತ್ತಜ್ಜ ತೀರಿಕೊಂಡಾಗ ವಾರಸಾಗಿ ಬಂದ ಆಸ್ತಿಯ ಮೇಲಿನ ತೆರಿಗೆ ಕಟ್ಟಲು ನೀವು ಅದನ್ನು ಮಾರಿದಿರಿ. ಹನ್ನೊಂದು ವರ್ಷದ ಅಪ್ಪ ಬೇಲಿಯ ಹತ್ತಿರ ನಿಂತು, ಬೇರೆಯವರ ಟ್ರಾಕ್ಟರ್ ನಮ್ಮ ಮಣ್ಣಿಗೆ ಇಳಿಯುವುದನ್ನು ನೋಡಿದ್ದರಂತೆ. ಚಿಕ್ಕಪ್ಪ ಆಗ ತೊಟ್ಟಿಲಲ್ಲಿದ್ದರು. "ನೀನು ನೋಡಿಲ್ಲ, ಅದಕ್ಕೇ ನಿನಗೆ ಕಾಲು ಭಾಗ ಸಾಕು. ಎಷ್ಟು ತಗೋತಾರೆ ಅನ್ನೋದಲ್ಲ ಕಣೋ ಮಾರ್ವಿನ್. ಸಾಕು ಅಂದಾಗ ನಿಲ್ಲಿಸ್ತಾರಾ? ಅದನ್ನ ಹೇಳು" ಎಂದರು ಅಪ್ಪ. ಈ ಮಾತಿನಲ್ಲಿ ಅಪ್ಪನದೇ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ನನ್ನ ಮೊದಲ ಸಂಬಳದಲ್ಲಿ ಕೈಗೆ ಬಂದದ್ದನ್ನು ನೋಡಿ ನಾನೂ ಅತ್ತಿದ್ದೆ. ಆದರೆ ಗೆಲ್ಲದವನಿಗೆ ಓಟು ಹಾಕಿ ಏನು ಬಂತು ಎನ್ನುವ ಚಿಕ್ಕಪ್ಪನ ಮಾತೂ ತಪ್ಪೆನಿಸಲಿಲ್ಲ. ಮೇಜಿನಲ್ಲಿ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ, ಪಾತ್ರೆ ತೊಳೆದೆ.

ಆಮೇಲೆ ನಮ್ಮ ಅಂಗಳದಲ್ಲಿ ಗಾರ್ವಿಯ ಹಲಗೆ, ರಸ್ತೆಯ ಆಚೆ ಚಿಕ್ಕಪ್ಪನ ಅಂಗಳದಲ್ಲಿ ವಿಟ್‌ಕಾಂಬ್ ಹಲಗೆ. ಒಂದು ಬೆಳಿಗ್ಗೆ ನಮ್ಮ ಹಲಗೆಗೆ ಯಾರೋ ಬಂದೂಕು ಹೊಡೆದಿದ್ದರು, ಗಾರ್ವಿಯ ಹೆಸರಿನ ನಡುವೆ ಮುಷ್ಟಿ ತೂರುವಷ್ಟು ತೂತು. ಮರುದಿನ ಚಿಕ್ಕಪ್ಪನ ಅಂಚೆಪೆಟ್ಟಿಗೆಯನ್ನು ಕಂಬದ ಸಮೇತ ಯಾರೋ ಗಾಡಿ ಹತ್ತಿಸಿ ನೆಲಕ್ಕೆ ಅರೆದಿದ್ದರು. ಅದು ಬೇರೆಯವರ ಕೈವಾಡವೇ ಇರಬಹುದು, ಆದರೆ ಇಬ್ಬರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು. ಆಗಸ್ಟಿನಲ್ಲಿ ಜೋಳ ಮಾರುವ ಗೋದಾಮಿನ ತೂಕದ ಕಟ್ಟೆಯ ಹತ್ತಿರ ಚಿಕ್ಕಪ್ಪ ಎಲ್ಲರೆದುರು, "ನಮ್ಮಣ್ಣ ಓಟು ಹಾಕಲ್ಲ, ಓಟಿಗೆ ಸಮಾಧಿ ಕಟ್ತಾನೆ" ಎಂದರಂತೆ. ಅಪ್ಪ ಕೈಯಲ್ಲಿದ್ದ ಕಾಫಿ ಫ್ಲಾಸ್ಕನ್ನೇ ಬೀಸಿ ಅವರ ಮುಖಕ್ಕೆ ಬಾರಿಸಿದರು. ಮುಂದಿನ ಹಲ್ಲು ಮುರಿಯಿತು. ಚಿಕ್ಕಪ್ಪ ರಕ್ತ ಉಗಿದು ಅಪ್ಪನ ಹೊಟ್ಟೆಗೆ ಗುದ್ದಿದರು. ನಾಲ್ಕು ಜನ ಹಿಡಿದು ಬಿಡಿಸಬೇಕಾಯಿತು. ಮನೆಗೆ ಬಂದ ಅಪ್ಪನ ಅಂಗಿಯಲ್ಲಿ ಇಬ್ಬರ ರಕ್ತವೂ ಇತ್ತು, ತಣ್ಣೀರಿನಲ್ಲಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಂದೇ ಅಪ್ಪ, "ಮಾತು ಸಾಕು. ಡರ್ಬಿಯಲ್ಲಿ ನೋಡ್ಕೋತೀನಿ" ಎಂದರು. ಅಂದಿನಿಂದ ದಿನವೂ ಶೆಡ್ಡಿನಲ್ಲಿ ಬೆಸುಗೆಯ ಕಿಡಿ.

ಸೋತವನು ಮುರಿದು ಸಾಕು ಎನ್ನುವ ಕೋಲನ್ನು ಕಾರುಗಳಿಗೆ ಕಟ್ಟಲು ಈ ಸಲ ನೀವಿರಲಿಲ್ಲವಲ್ಲ ತಾತಾ. ಕೊಟ್ಟಿಗೆಯ ಅಟ್ಟದಲ್ಲಿ ನೀವು ಸೀಳಿ ಕಿತ್ತಳೆ ಬಣ್ಣ ಬಳಿದು ಇಟ್ಟು ಹೋಗಿದ್ದ ಕಟ್ಟನ್ನೇ ಇಳಿಸಿ, ಅಗ್ನಿಶಾಮಕ ದಳದವರ ಜೊತೆ ನಾನೇ ಪ್ರತಿ ಕಾರಿನ ಚಾಲಕನ ಕಿಟಕಿಯ ಪಕ್ಕ ಒಂದೊಂದು ಕಟ್ಟಿದೆ. ಚಿಕ್ಕಪ್ಪನದಕ್ಕೆ ಕಟ್ಟುವಾಗ ಅವರು ಮುರಿದ ಹಲ್ಲು ತೋರಿಸಿ ನಕ್ಕು, "ಬಿಗಿಯಾಗಿ ಕಟ್ಟೇ ಲೀಟಾ, ಇದನ್ನ ನಾನು ಮುರಿಯೋದಿಲ್ಲ ಇವತ್ತು" ಎಂದರು. ಅವರ ಕಾರಿನ ಮೇಲೆ ಬಿಳಿ ಬಣ್ಣದಲ್ಲಿ ವಿಟ್‌ಕಾಂಬ್ ಎಂದು ಬರೆದಿತ್ತು. ಅಪ್ಪನ ಹಳೆಯ ಸ್ಟೇಷನ್ ವ್ಯಾಗನ್ನಿನ ಎರಡೂ ಕಡೆ ಗಾರ್ವಿ, ಹಿಂಬದಿಯಲ್ಲಿ ಹೊಳೆ ಬದಿಯ ಹೊಲದ ಸರ್ವೆ ನಂಬರು. ಅದು ಏನೆಂದು ನಮ್ಮ ಮನೆಯವರಿಗೆ ಬಿಟ್ಟು ಯಾರಿಗೂ ತಿಳಿಯಲಿಲ್ಲ. ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು, ಜನ ಕೂರುವ ಮೆಟ್ಟಿಲುಗಳ ಎದುರು ಬದಿಯಲ್ಲಿ, ಕಾಂಕ್ರೀಟ್ ಗೋಡೆಯ ಹಿಂದೆ ನಿಂತೆ. ಅಲ್ಲಿ ಹೆಚ್ಚು ಜನ ಇರುವುದಿಲ್ಲ, ಅದಕ್ಕೇ ನಾನು ಯಾವಾಗಲೂ ಆ ಜಾಗ ಕೇಳಿಕೊಳ್ಳುವುದು.

ಬಾವುಟ ಬಿದ್ದ ಕೂಡಲೇ ಇಬ್ಬರೂ ಬೇರೆ ಯಾರನ್ನೂ ನೋಡಲಿಲ್ಲ. ಎಂಜಿನ್ ಉಳಿಯಲೆಂದು ನೀವು ಕಲಿಸಿದ ಹಾಗೆ ಅಪ್ಪ ಕತ್ತು ತಿರುಗಿಸಿಕೊಂಡು ಹಿಮ್ಮುಖವಾಗಿಯೇ ಓಡಿಸಿ ಹಿಂಬದಿಯಿಂದ ಗುದ್ದುತ್ತಿದ್ದರು. ಚಿಕ್ಕಪ್ಪನೂ ಹಾಗೇ. ತಗಡು ಹರಿಯುವ ಸದ್ದು ನನ್ನ ಹಲ್ಲಿನೊಳಗೆ ಕೇಳುತ್ತಿತ್ತು. ಚಕ್ರದ ಕೆಸರು ಮುಖಕ್ಕೆ ಹಾರುತ್ತಿತ್ತು. ಮೆಟ್ಟಿಲುಗಳ ಮೇಲೆ ಅರ್ಧ ಜನ ಒಬ್ಬನ ಹೆಸರು, ಅರ್ಧ ಜನ ಇನ್ನೊಬ್ಬನ ಹೆಸರು ಕೂಗುತ್ತಿದ್ದರು, "ಹೊಡಿ ಎಲ್ಡನ್! ಅರೆದು ಹಾಕು!" ಎಂದು ಅಪ್ಪನ ಹೆಸರು ಹಿಡಿದು ಹೆಂಗಸರೂ ಕಿರುಚುತ್ತಿದ್ದರು. ಚಿಕ್ಕಪ್ಪ ಒಂದು ಸಲ ಅಪ್ಪನನ್ನು ಎಷ್ಟು ಜೋರಾಗಿ ಗುದ್ದಿದರೆಂದರೆ ಅಪ್ಪನ ಹಣೆ ಕಂಬಿಗೆ ಬಡಿದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ಅದರ ಬೆನ್ನಿಗೇ ಚಿಕ್ಕಪ್ಪನ ಕಾರಿನ ಹಿಂದಿನ ಗಾಲಿ ಮುರಿದು, ಅದು ನಾನಿದ್ದ ಗೋಡೆಗೆ ಬಂದು ಓರೆಯಾಗಿ ಸಿಕ್ಕಿಕೊಂಡಿತು. ಎಂಜಿನ್ ಸತ್ತಿತು, ಬಿಳಿ ಹಬೆ ಎದ್ದಿತು. ಅಪ್ಪ ಮೈದಾನದ ಆ ತುದಿಯಿಂದ ಹಿಮ್ಮುಖವಾಗಿ ಪೂರ್ತಿ ವೇಗದಲ್ಲಿ ಬಂದರು. ಚಿಕ್ಕಪ್ಪನ ಕಾರಿನ ಮುಂದಿನ ಎಡ ಮೂಲೆಗೆ ಬಿದ್ದ ಆ ಗುದ್ದಿಗೆ ಎಂಜಿನ್ ಇಡೀ ಒಳಕ್ಕೆ ನುಗ್ಗಿತು.

ಚಿಕ್ಕಪ್ಪ ಕೂಗಿದ ಕೂಗು ಮನುಷ್ಯರದ್ದಾಗಿರಲಿಲ್ಲ. ಬಾಗಿಲಿಗೆ ಸರಪಳಿ ಬಿಗಿದಿದ್ದರಿಂದ ಗರಗಸ ತಂದು ಕೊಯ್ಯಬೇಕಾಯಿತು. ನಾನು ಕಿಟಕಿಯಿಂದ ಒಳಗೆ ತೂರಿ ಅವರ ತಲೆ ಹಿಡಿದುಕೊಂಡಿದ್ದೆ. ಮೆಟ್ಟಿಲುಗಳ ಮೇಲೆ ಅಷ್ಟರಲ್ಲಿ ಬಡಿದಾಟ ಶುರುವಾಗಿತ್ತು, ಬೆಂಚು ಕಿತ್ತು ಹೊಡೆದುಕೊಂಡರು, ಯಾರದೋ ದವಡೆ ಮುರಿಯಿತು. ಗಾರ್ವಿಯವರೆಲ್ಲ ಚಿಕ್ಕಪ್ಪನ ಕೋಲು ನೆಟ್ಟಗೆ ನಿಂತಿತ್ತು, ನಿಂತಿದ್ದರೆ ಗುದ್ದುವುದು ಆಟದ ನ್ಯಾಯ ಎನ್ನುತ್ತಾರೆ. ವಿಟ್‌ಕಾಂಬ್‌ನವರೆಲ್ಲ ಚಿಕ್ಕಪ್ಪ ಮೊದಲೇ ಕೋಲು ಮುರಿದು ಸೋಲೊಪ್ಪಿದ್ದರು, ಆಮೇಲೂ ಗುದ್ದಿದ್ದು ಕೊಲೆಯ ಪ್ರಯತ್ನ ಎನ್ನುತ್ತಾರೆ. ಚಿಕ್ಕಪ್ಪನ ಕಿಟಕಿಯಿದ್ದ ಆ ಬದಿ ಮೆಟ್ಟಿಲಿನಿಂದ ಕಾಣುವುದೇ ಇಲ್ಲ ತಾತಾ, ಆದರೂ ಎಲ್ಲರೂ ಕಂಡಿದ್ದಾರೆ. ಯಾರಿಗೆ ಓಟು ಹಾಕುತ್ತಾರೋ ಹಾಗೆ ಕಂಡಿದ್ದಾರೆ. ಚರ್ಚಿನಲ್ಲಿ ಈಗ ನಡುವಿನ ದಾರಿಯ ಆಚೆಗೊಂದು ಗುಂಪು, ಈಚೆಗೊಂದು ಗುಂಪು. ಮಂಗಳವಾರ ನಮ್ಮ ಅಡುಗೆಮನೆಯ ಕಿಟಕಿಗೆ ಇಟ್ಟಿಗೆ ಬಂದು ಬಿತ್ತು, ನಾನು ಹಿಟ್ಟು ಕಲಸುತ್ತಿದ್ದೆ, ಗಾಜೆಲ್ಲ ಹಿಟ್ಟಿನೊಳಗೆ. ಚಿಕ್ಕಮ್ಮ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದರು. ಚಿಕ್ಕಪ್ಪನಿಗೆ ಔಷಧದ ಮಂಪರು. ಎಚ್ಚರವಾದಾಗ ಏನೂ ನೆನಪಿಲ್ಲ ಎನ್ನುತ್ತಾರೆ, ನಿಮ್ಮನ್ನು ಕೇಳುತ್ತಾರೆ.

ಅಪ್ಪ ಶೆರೀಫರಿಗೆ, "ಹಬೆ ಇತ್ತು, ಕಣ್ಣಲ್ಲಿ ರಕ್ತ ಇತ್ತು, ಕೋಲು ಮುರಿದದ್ದು ಕಾಣಲಿಲ್ಲ" ಎಂದು ಹೇಳಿದ್ದಾರೆ. ಕಂಡೂ ಗುದ್ದಿದ್ದು ಎಂದಾದರೆ ಅವರನ್ನು ಅಲ್ಲೇ ಹಿಡಿದು ಒಳಗೆ ಹಾಕುತ್ತಾರೆ. ಗೋಡೆಯ ಆ ಬದಿಗೆ ಇದ್ದವಳು ನಾನೊಬ್ಬಳೇ ಆದ್ದರಿಂದ ಇದೇ ೨೮ರ ಸೋಮವಾರ ಹತ್ತು ಗಂಟೆಗೆ ನಾನು ಶೆರೀಫರ ಕಚೇರಿಗೆ ಹೋಗಿ ಹೇಳಿಕೆ ಕೊಡಬೇಕಂತೆ. ಅಂಗಡಿಗೆ ಹೋದರೆ ಗಾರ್ವಿಯವರು ಬೆನ್ನು ತಟ್ಟಿ, "ನಿಮ್ಮಪ್ಪನ ಮಾನ ನಿನ್ನ ಕೈಲಿದೆ ಮಗಳೇ" ಎನ್ನುತ್ತಾರೆ. ವಿಟ್‌ಕಾಂಬ್‌ನವರು, "ಬಾಯಿ ಬರದ ಹುಡುಗಿ, ಅವರಪ್ಪ ಹೇಳಿಕೊಟ್ಟದ್ದನ್ನೇ ಒಪ್ಪಿಸ್ತಾಳೆ ಬಿಡು" ಎಂದು ಕೇಳುವ ಹಾಗೇ ಅನ್ನುತ್ತಾರೆ. ಅಪ್ಪ ಮಾತ್ರ ನನಗೆ ಏನನ್ನೂ ಹೇಳಿಕೊಟ್ಟಿಲ್ಲ. ಊಟಕ್ಕೆ ಕೂರುತ್ತಾರೆ, ಏಳುತ್ತಾರೆ. ತೂತು ಬಿದ್ದ ಹಲಗೆಯನ್ನು ಅವರೇ ಕಿತ್ತು ಶೆಡ್ಡಿನ ಹಿಂದೆ ಹಾಕಿದ್ದಾರೆ.

ಈ ವರ್ಷದ ಸೇಬಿನ ಮುರಬ್ಬ ಎರಡು ಸೀಸೆ ಕಳಿಸುತ್ತಿದ್ದೇನೆ, ಒಂದು ಅತ್ತೆಗೆ. ಅವರಿಗೆ ನನ್ನ ನಮಸ್ಕಾರ ಹೇಳಿ, ನಾಯಿಯ ತಲೆ ಸವರಿ. ಊಟಕ್ಕೆ ಮುಂಚೆ ನೀವು ಮಾಡುವ ಪ್ರಾರ್ಥನೆಯಲ್ಲಿ ಈಗ ಇಬ್ಬರು ಗಂಡುಮಕ್ಕಳ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ ತಾತಾ. ಎದೆಗೆ ಬೆಚ್ಚಗೆ ಹೊದ್ದುಕೊಳ್ಳಿ.

ನಿಮ್ಮ ಮೊಮ್ಮಗಳು,
ಲೀಟಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಚಿಕ್ಕಪ್ಪ ಕೋಲು ಮುರಿದಿದ್ದರು ತಾತಾ. ಕೈ ಹೊರಗೆ ಚಾಚಿ ಲಟಕ್ಕನೆ ಮುರಿದು ಗೋಡೆಯಾಚೆಗೆ ಎಸೆದರು, ಅದು ನನ್ನ ಬೂಟಿನ ಹತ್ತಿರ ಬಿತ್ತು, ನಾನು ಎತ್ತಿಕೊಂಡೆ. ಅಪ್ಪ ಆಗಿನ್ನೂ ಅರ್ಧ ಮೈದಾನದ ಆಚೆಗಿದ್ದರು. ಅವರ ಮುಖ ನಮ್ಮ ಕಡೆಗೇ ಇತ್ತು, ಒಂದು ಕಣ್ಣು ಚೆನ್ನಾಗಿಯೇ ತೆರೆದಿತ್ತು. ಸಾಕು ಅಂದವನನ್ನು ಮುಟ್ಟಬಾರದು ಎಂದು ನೀವು ನಮಗೆಲ್ಲ ಕಲಿಸಿದ್ದು. ಸೋಮವಾರ ನಾನು ಕಂಡದ್ದನ್ನು ಹೇಳುತ್ತೇನೆ. ಆ ತುಂಡನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಕಾಫಿಪುಡಿ ಹುಡುಕುವಾಗ ಅಪ್ಪನ ಕೈಗೆ ಸಿಕ್ಕಿತು. ಒಲೆ ಉರಿಯುತ್ತಿತ್ತು. ಅವರು ಅದನ್ನು ತುಂಬ ಹೊತ್ತು ಹಿಡಿದುಕೊಂಡು ನಿಂತಿದ್ದು, ಮತ್ತೆ ಇದ್ದ ಜಾಗದಲ್ಲೇ ಇಟ್ಟರು. "ಸೋಮವಾರ ಎಷ್ಟು ಗಂಟೆಗೆ ಅಂದೆ?" ಎಂದರು. ಹತ್ತಕ್ಕೆ ಎಂದೆ. "ಟ್ರಕ್ಕಿಗೆ ಪೆಟ್ರೋಲ್ ಹಾಕಿಸಿಡ್ತೀನಿ. ನಾನೇ ಕರ್ಕೊಂಡು ಹೋಗ್ತೀನಿ" ಎಂದರು. ಹೋಗುವಾಗ ಅಪ್ಪ ಓಡಿಸುತ್ತಾರೆ. ಬರುವಾಗ ಓಡಿಸಲು ಯಾರೂ ಇರುವುದಿಲ್ಲ. ನೀವು ಬನ್ನಿ ತಾತಾ.