ವೆಂಕಟಾಚಲನಿಗೆ ಹಾಕಲೇ, ಬೇಡವೇ

ಗುರುವಾರ, 16

ಚಾಮರಾಜಪೇಟೆಯ ಪ್ರಬುದ್ಧ ಮತದಾರ ಬಾಂಧವರೇ, ಗೊರಕೆ ಹೊಡೆಯುತ್ತಲೇ ಸಭೆಯ ಅಧ್ಯಕ್ಷತೆ ವಹಿಸಿರುವ ನನ್ನ ಹೆಂಡತಿ ಆರಾಧನಾ ಅವರೇ! ನಾಡಿದ್ದು ನಮ್ಮದೇ ಪಕ್ಷದ ವೆಂಕಟಾಚಲನಿಗೆ ಮತ ಹಾಕುವುದೋ, ನೋಟಾ ಒತ್ತಿ ಬರುವುದೋ ಎಂದು ಈ ಸಭೆ ತೀರ್ಮಾನಿಸಬೇಕಾಗಿದೆ.

ಹೋದ ಸಲ ಅವನಿಗೆ ಘೋಷಣೆ ಬರೆದುಕೊಟ್ಟವನು ನಾನೇ. 'ಬೀದಿಗೆ ಹಸಿರು, ಮಕ್ಕಳಿಗೆ ಉಸಿರು, ವೆಂಕಟಾಚಲನೇ ಹೆಸರು.' ಗೆದ್ದ ಮೇಲೆ ಮಕ್ಕಳ ಪಾರ್ಕಿನ ಅರ್ಧಕ್ಕೆ ಸಿಮೆಂಟು ಹಾಕಿಸಿ, ಕಲ್ಯಾಣಮಂಟಪಕ್ಕೆ ಬರುವ ಕಾರುಗಳಿಗೆ ಬಿಟ್ಟ. ಈಗ ಹಸಿರೂ ಇಲ್ಲ, ಉಸಿರೂ ಇಲ್ಲ. ಪ್ರಾಸ ಮಾತ್ರ ನನ್ನ ತಲೆ ತಿನ್ನುತ್ತಿದೆ. ಎದುರು ಪಕ್ಷದವನು ಬಂದರೆ ಉಳಿದರ್ಧಕ್ಕೂ ಸಿಮೆಂಟು ಬಿದ್ದೀತು, ಅದೂ ಗೊತ್ತು.

ಬೂತ್ ನೋಡಿಕೊಳ್ಳುವ ಶೀನಣ್ಣ ಇವತ್ತು ಚೀಟಿ ಕೊಡಲು ಬಂದವನು ಮೆಲ್ಲಗೆ, "ಈ ಸಲ ನಂಗೂ ಮನಸ್ಸಿಲ್ಲ ಗುರು. ನೀನೇನ್ಮಾಡ್ತೀಯಾ?" ಎಂದ. ಹುಟ್ಟಿದಾಗಿನಿಂದ ಪಕ್ಷದ ಬಾವುಟ ಹೊತ್ತವನಿಗೆ ಮನಸ್ಸಿಲ್ಲವಂತೆ! ನನ್ನ ಬಾಯಿ ಬಿಡಿಸಲು ವೆಂಕಟಾಚಲನೇ ಕಳಿಸಿರಬೇಕು.

"ಪಕ್ಷ ಹೇಳ್ದಂಗೆ ಶೀನಣ್ಣ," ಎಂದೆ.

"ಹೌದೌದು, ನಂದೂ ಅಷ್ಟೆ," ಎಂದು ನಕ್ಕ. ನಾನು ಅವನನ್ನು ನಂಬಲಿಲ್ಲ, ಅವನು ನನ್ನನ್ನು ನಂಬಲಿಲ್ಲ.

ಆದ್ದರಿಂದ ಬಾಂಧವರೇ, ಕೇವಲ ತತ್ವಕ್ಕಾಗಿ, ಆ ಪಾರ್ಕಿಗಾಗಿ, ಈ ಸಲ ನನ್ನ ಮತ ಅವನಿಗಿಲ್ಲ. ತತ್ವ ಮುಖ್ಯ, ಸತ್ವ ಮುಖ್ಯ, ಮತ್ತೆ...

ಸುಳ್ಳು. ಸಂಜೆ ವೆಂಕಟಾಚಲ ನಮ್ಮ ಬಾಗಿಲಲ್ಲಿ ಬರೀ ಕೈಮುಗಿದು ಮುಂದೆ ಹೋದ. ಹೋಗಿ, ಬೇರೆ ಪಕ್ಷದ ದೊಡ್ಡಬೈರಪ್ಪನವರ ಜಗುಲಿಯಲ್ಲಿ ಕೂತು ಕಾಫಿ ಕುಡಿದ. ಇಲ್ಲಿ ಆರಾಧನಾ ಹೊಸ ಡಿಕಾಕ್ಷನ್ ಇಳಿಸಿಕೊಂಡು ಕಾಯುತ್ತಿದ್ದಳು. ಒಂದು ಲೋಟ ಕುಡಿದು ಹೋಗಿದ್ದರೆ ಪಾರ್ಕನ್ನು ಮರೆತುಬಿಡುತ್ತಿದ್ದೆ.