ಅಮೃತವ್ವನ ಮೈ ಒರೆಸಿದ ದಿನ

ಗದಗ-ಬೆಟಗೇರಿ
೨೪ ಏಪ್ರಿಲ್ ೨೦೨೫

ಪ್ರೀತಿಯ ಅತ್ತೆಮ್ಮಾ,

ಸಲಾಮು. ಹೇಗಿದ್ದೀರಿ? ಈ ಬಿಸಿಲಿಗೆ ತಲೆನೋವು ಹೆಚ್ಚಾಗಿಲ್ಲ ತಾನೆ? ಖಲೀಲರು ಅಂಗಡಿಯಿಂದ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುತ್ತಾರೋ, ಗಿರಾಕಿಗಳ ಜೊತೆ ಹರಟುತ್ತ ಕೂಡುತ್ತಾರೋ? ನನ್ನ ಗಂಡನನ್ನು ಬೈಯುವ ಹಕ್ಕನ್ನು ಸದ್ಯಕ್ಕೆ ನಿಮಗೇ ಬಿಟ್ಟಿದ್ದೇನೆ.

ನಾನು ಚೆನ್ನಾಗಿದ್ದೇನೆ. ಬಿ.ಎಸ್ಸಿ. ಮುಗಿಸಿ, ಲಕ್ಷ್ಮೇಶ್ವರದ ಶಾಲೆಯಲ್ಲಿ ವಿಜ್ಞಾನ ಕಲಿಸಿ, ಮೂವತ್ತರ ಹೊಸ್ತಿಲಲ್ಲಿ ನರ್ಸಿಂಗಿಗೆಂದು ಮತ್ತೆ ಮೊದಲ ವರ್ಷದ ಬೆಂಚಿನ ಮೇಲೆ ಕೂಡುವುದು ಸುಲಭವಲ್ಲ. ಮೊದಲ ದಿನ ನಾನು ತರಗತಿಯೊಳಗೆ ಕಾಲಿಟ್ಟಾಗ ಹುಡುಗಿಯರೆಲ್ಲ ಎದ್ದುನಿಂತು ‘ಗುಡ್ ಮಾರ್ನಿಂಗ್ ಮೇಡಂ’ ಎಂದರು. ಈಗ ಅಕ್ಕಾ ಎನ್ನುತ್ತಾರೆ. ಆದರೂ ಹಾಸ್ಟೆಲಿನ ಅವರ ನಗೆ, ಗದ್ದಲದ ನಡುವೆ ನಾನು ನೆಂಟಳಂತೆಯೇ. ಓದು ಭಾರವಾಗಲಿಲ್ಲ. ಭಾರವಾದದ್ದು ವಾರ್ಡು.

ಸೊಂಟ ಮುರಿದುಕೊಂಡು ಮಲಗಿದ್ದ ಹಮ್ಮಿಗಿಯ ಅಮೃತವ್ವ ಎಂಬ ಅಜ್ಜಿಯ ಮೈ ಒರೆಸಲು ನನ್ನನ್ನೂ ಚನ್ನಮ್ಮನನ್ನೂ ಕಳಿಸಿದರು. ಚನ್ನಮ್ಮ ಡಂಬಳದವಳು, ನನ್ನ ಬೆಂಚಿನವಳು, ಈಗಷ್ಟೇ ಪಿಯುಸಿ ಮುಗಿಸಿದ ಕೂಸು. ಇಂಗ್ಲಿಷ್ ಪುಸ್ತಕ ತೆರೆದರೆ ಕಣ್ಣೀರು. ಸಂಜೆ ನಾನೇ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಪರದೆ ಎಳೆದೆವು. ಹಾಸಿಗೆ ಹೊಲಸಾಗಿತ್ತು. ಅಜ್ಜಿ ಸೀರೆಯನ್ನು ಬಿಗಿಹಿಡಿದು, ಮುಖವನ್ನು ಗೋಡೆಗೆ ತಿರುಗಿಸಿ ಅಳತೊಡಗಿದಳು. ನನ್ನ ಕೈ ಏಳಲಿಲ್ಲ. ಅಂದೇ ಮನೆಗೆ ಬಂದುಬಿಡಬೇಕು ಅನ್ನಿಸಿತು. ಚನ್ನಮ್ಮ ಮಾತ್ರ ಅವಸರಪಡಲಿಲ್ಲ. ಬಿಸಿನೀರಿನ ಬೋಗುಣಿ ಕೆಳಗಿಟ್ಟು, ಪಕ್ಕದಲ್ಲಿ ಕುಳಿತು, “ಯವ್ವಾ, ನೀ ಎಷ್ಟ್ ಕೂಸಿಗೆ ನೀರ್ ಎರದೀ? ಅವು ನಿನ್ನ ಮುಂದ ನಾಚಿದ್ವೇನು? ಈಗ ನಮ್ಮ ಪಾಳಿ, ಎರಸ್ಕೋ” ಎಂದಳು. ಅಜ್ಜಿ ಮುಖವನ್ನು ಇತ್ತ ತಿರುಗಿಸಿ, ಸೆರಗು ಸಡಿಲಬಿಟ್ಟಳು.

ಅತ್ತೆಮ್ಮಾ, ಆ ಹುಡುಗಿ ಒರೆಸುವುದನ್ನು ನೀವು ನೋಡಬೇಕಿತ್ತು. ಒಂದು ಕಡೆ ತೆರೆದು, ಒರೆಸಿ, ಮುಚ್ಚಿ, ಆಮೇಲೆ ಇನ್ನೊಂದು ಕಡೆ. ಒಮ್ಮೆಯೂ ಆ ಮೈಯನ್ನು ಬಯಲಿಗಿಡಲಿಲ್ಲ. ಹೊಳೆಯಲ್ಲಿ ನೀರೆಷ್ಟಿದೆ, ಎಮ್ಮೆ ಈದಿದೆಯೋ ಎಂದು ಕೇಳುತ್ತಲೇ ಮುಗಿಸಿದಳು. ಅಂಥ ಕೈಗುಣ ನನಗೂ ಬರಲಿ ಎಂದು ಆಸೆಯಾಯಿತು. ಮರುದಿನ ನಾನೇ ಬೋಗುಣಿ ಎತ್ತಿಕೊಂಡೆ. ಅವಸರದಲ್ಲಿ ನೀರು ಚೆಲ್ಲಿದ್ದನ್ನು ಕಂಡು ಅಜ್ಜಿಯೇ, “ಸಾವಕಾಶ ಮಾಡವ್ವಾ, ನಾ ಎಲ್ಲಿ ಓಡಿ ಹೋಗ್ತೀನಿ” ಎಂದು ನಕ್ಕಳು. ಈಗ ನಾನು ಕಾಣದಿದ್ದರೆ ಆ ದೊಡ್ಡ ಹುಡುಗಿ ಎಲ್ಲಿ ಎಂದು ಕೇಳುತ್ತಾಳಂತೆ. ಇನ್ನು ಓಡಿಬರುವ ಮಾತಿಲ್ಲ.

ಮನೆಮಂದಿಗೆಲ್ಲ ಸಲಾಮು ಹೇಳಿ. ನಿಮ್ಮ ದುವಾದಲ್ಲಿ ಚನ್ನಮ್ಮನನ್ನೂ ನೆನೆಯಿರಿ.

ನಿಮ್ಮ ಸೊಸೆ,
ನೂರೀನ

ತಾ.ಕ.: ಇದನ್ನು ನೀವೊಬ್ಬರೇ ಓದಿ. ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಬರೆದೆ. ರಂಜಾನ್ ಹಬ್ಬದ ದಿನ ತಬ್ಬಿಕೊಂಡಾಗ ನೋವಿನಿಂದ ಹಿಂದೆ ಸರಿದಿರಿ. “ಎದಿಯಾಗೊಂದು ಗಂಟು ಐತಿ, ಯಾರಿಗೂ ಹೇಳಬ್ಯಾಡ, ನಾಚಿಕಿ ಆಗತೈತಿ” ಅಂದಿರಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಆದರೆ ಇನ್ನು ತಡಮಾಡುವುದು ಬೇಡ. ಬರುವ ಸೋಮವಾರ ಇಲ್ಲಿ ಲೇಡಿ ಡಾಕ್ಟರೇ ನೋಡುತ್ತಾರೆ, ಅವರೊಬ್ಬರೊಡನೆ ಮಾತಾಡಿದ್ದೇನೆ. ಒಳಗೂ ನಾನು ಜೊತೆಗಿರುತ್ತೇನೆ. ಸೊಸೆಯನ್ನು ನೋಡಿಬರುತ್ತೇನೆ ಎಂದು ಖಲೀಲರಿಗೆ ಹೇಳಿ, ಸುಳ್ಳೇನಲ್ಲ. ಮೊದಲ ಬಸ್ಸಿಗೆ ಬನ್ನಿ. ನೀವು ಇಳಿಯುವವರೆಗೆ ನಾನು ಬಸ್‌ಸ್ಟ್ಯಾಂಡಿನಿಂದ ಕದಲುವುದಿಲ್ಲ.