ಮಗುಚಿ ಬಂದ ಬೋರ್ಡುಗಳು

ಕುಮಾಸಿ,
ಭಾನುವಾರ, ಆಗಸ್ಟ್ ೧೧

ಪ್ರೀತಿಯ ತಮ್ಮ ಒಪ್ಪಾಂಗ್‌ಗೆ,

ಕೆಮ್ಮು ಹೇಗಿದೆ? ಟಕೋರಾಡಿಯ ಕಡಲ ಗಾಳಿ ನಿನಗೆ ಆಗುವುದಿಲ್ಲವೆಂದು ಗೊತ್ತಿದ್ದೂ, ಅಪ್ಪನ ಸಿಟ್ಟು ಇಳಿಯುವವರೆಗೆ ಊರಿಗೆ ಕಾಲಿಡುವುದಿಲ್ಲ ಎಂದು ಅಲ್ಲೇ ಕೂತಿದ್ದೀಯ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬೀದಿಯಲ್ಲಿ ಜೋಳದ ಕೆಂಕಿ ಉಂಡೆ ಕೊಂಡು ನಿಂತಲ್ಲೇ ನುಂಗುತ್ತೀಯೋ? ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನು ಹೋದ ಮೇಲೆ ನಿನ್ನ ಆಂಪ್ಲಿಫೈಯರ್ ಹುಚ್ಚರ ಗುಂಪು ನನಗೆ ಗಂಟುಬಿತ್ತು. ಸಾವಿನ ಮನೆಯ ಇಡೀ ಬಳಗಕ್ಕೆ ಒಂದೇ ನಮೂನೆಯ ಬಟ್ಟೆ ತರಿಸಿ ಹಂಚುವವಳಿಗೆ ಸರ್ಕ್ಯೂಟ್ ಬೋರ್ಡು ತರಿಸುವುದೇನು ಮಹಾ ಎಂದರು. ಒಬ್ಬೊಬ್ಬರೇ ಕೇಳಿದರೆ ಚೀನಾದ ಕಾರ್ಖಾನೆ ದುಬಾರಿ ಹೇಳುತ್ತದೆ, ಎಲ್ಲರೂ ಸೇರಿದರೆ ಅಗ್ಗ. ನಮ್ಮ ಬಟ್ಟೆಯ ಹಾಗೆಯೇ. ಒಪ್ಪಿದೆ. ನನ್ನ ಆಸೆ ಬೇರೆ ಇತ್ತು: ಒಂದು ಜೋಡಿ ನಮಗೂ ಬರಲಿ, ನೀನು ಅರ್ಧಕ್ಕೆ ಬಿಟ್ಟುಹೋದ ಆಂಪ್ಲಿಫೈಯರ್ ಪೆಟ್ಟಿಗೆ ಮುಗಿಯಲಿ, ಅಮ್ಮ ಬದುಕಿದ್ದಾಗ ಚರ್ಚಿನಲ್ಲಿ ಹಾಡಿದ್ದ ಕ್ಯಾಸೆಟ್ಟನ್ನು ಅಪ್ಪ ಒಮ್ಮೆ ಕೇಳಲಿ.

ಕಾರ್ಖಾನೆಗೆ ಬೋರ್ಡಿನ ನಕ್ಷೆ ಕಳಿಸುವ ಮುಂಚೆ ಯಾರಾದರೂ ಪರೀಕ್ಷೆ ಮಾಡಬೇಕಂತೆ. ಅಗ್ಯಾರ್ಕೊ "ಬೋಟೆಂಗ್ ನೋಡಿದಾನೆ ಬಿಡಕ್ಕ" ಅಂದ, ಬೋಟೆಂಗ್ "ಅಗ್ಯಾರ್ಕೊ ನೋಡಿರ್ತಾನೆ" ಅಂದ. ಯಾವಾಗಲೂ ನೋಡುತ್ತಿದ್ದವನು ನೀನು. ಬೋರ್ಡು ಬಂದು ಬಿಚ್ಚಿದರೆ, ಟ್ರಾನ್ಸಿಸ್ಟರ್ ಕಾಲಿನ ತೂತುಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲು! ಅಗ್ಯಾರ್ಕೊ ತಲೆಯ ಮೇಲೆ ಕೈ ಹೊತ್ತು, "ಅಕ್ಕಾ, ಇದು ಒಲೆಗೆ ಹಾಕೋಕೂ ಬರಲ್ಲ" ಅಂದ. "ನಿಮ್ಮಿಬ್ಬರನ್ನೇ ಹಾಕ್ತೀನಿ ಒಲೆಗೆ" ಅಂದೆ. ಕೊನೆಗೆ ಬೋಟೆಂಗನೇ ದಾರಿ ಹುಡುಕಿದ. ಟ್ರಾನ್ಸಿಸ್ಟರುಗಳನ್ನು ಬೋರ್ಡಿನ ಕೆಳಮೈಯಿಂದ ತೂರಿಸಿ ಬೆಸೆದರೆ ಕಾಲುಗಳು ಸರಿಯಾದ ತೂತಿಗೇ ಬೀಳುತ್ತವೆ. ನೋಡಲು ಮಗುಚಿ ಬಿದ್ದ ಜಿರಳೆ. ದನಿ ಮಾತ್ರ ಬಂಗಾರ.

ನಿನ್ನೆ ಕ್ಯಾಸೆಟ್ ಹಾಕಿದೆವು. ಅಪ್ಪ ತಲೆ ಬಾಚಿಕೊಂಡು, ಹಬ್ಬದ ಬಟ್ಟೆ ಹೊದ್ದು ಸ್ಪೀಕರಿನ ಎದುರೇ ಕೂತಿದ್ದರು. ಅಮ್ಮನ ದನಿ ಬಂತು, ತಮ್ಮಾ. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅಮ್ಮ ಎರಡನೆಯ ಹಾಡು ಹಾಡುತ್ತಿದ್ದಾಗ ಅಪ್ಪ ನಮ್ಮತ್ತ ತಿರುಗಿ ನಗುತ್ತಾ, "ಎಲ್ಲಾ ಸರಿಹೋಯ್ತಾ? ಇನ್ನು ಹಾಕ್ರಪ್ಪಾ" ಅಂದರು.

ಬೋಟೆಂಗ್ ಅವರ ಅಂಗೈಯನ್ನು ಹಿಡಿದು ಸ್ಪೀಕರಿನ ಬಟ್ಟೆಯ ಮೇಲಿಟ್ಟ. ಅದುರುತ್ತಿತ್ತು. ಅಪ್ಪ ನನ್ನ ಮುಖ ನೋಡಿದರು. "ಅವಳೇನಾ?" ಅಂದರು. ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ. ಕಿವಿ ಕೇಳದ್ದನ್ನು ಎಷ್ಟು ದಿನದಿಂದ ಬಚ್ಚಿಟ್ಟಿದ್ದರೋ, ಒಂದೇ ಮನೆಯಲ್ಲಿದ್ದೂ ನನಗೆ ತಿಳಿಯಲಿಲ್ಲ.

ಗೆಳೆಯರು ನಿನ್ನನ್ನು ಕೇಳಿದ್ದಾರೆ. ಕೆಮ್ಮಿಗೆ ಶುಂಠಿ ಕುದಿಸಿ ಕುಡಿ. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಕ್ಕ,
ಡುಫೀ

ಮರೆತಿದ್ದೆ: ಭಾನುವಾರ ಭಾನುವಾರ ನೀನು ಫೋನ್ ಮಾಡಿ "ಅಪ್ಪಾ, ಇನ್ನೂ ಸಿಟ್ಟಾ?" ಅಂತ ಕೇಳುತ್ತೀಯಲ್ಲ, ಅವರು ಬರೀ "ಹ್ಞೂಂ" ಅನ್ನುತ್ತಾರಲ್ಲ, ಈಗ ಯಾರು ಏನು ಕೇಳಿದರೂ ಅವರದು ಅದೇ ಉತ್ತರ. ನಿನ್ನ ಒಂದು ಮಾತೂ ಅವರ ಕಿವಿಗೆ ಬಿದ್ದಿಲ್ಲ. ಇವತ್ತೂ ನಿನ್ನ ಫೋನ್ ಇಟ್ಟವರೇ ನನ್ನನ್ನು ಕೇಳಿದರು: "ಯಾವಾಗ ಬರ್ತಾನಂತೆ?" ಇನ್ನು ಫೋನ್ ಮಾಡಬೇಡ. ಬಸ್ಸು ಹತ್ತು.